ಬೆಳಗಿದ ಹಿತ್ತಾಳೆ ಕೆಂಪಾಗಿದೆಯೇ, ಕಿಲುಬು ಮರಳಿದೆಯೇ, ಬಿರಿದಿದೆಯೇ? ದೋಷ ಪತ್ತೆ ಮತ್ತು ನಿವಾರಣೆ

ಚೌತಿಗೆ ಎಂಟು ದಿನ ಇರುವಾಗ ಅಟ್ಟದಿಂದ ಇಳಿಸಿದ ತೂಗುದೀಪ, ಹರಿವಾಣ, ಗಂಟೆ, ತಂಬಿಗೆಗಳನ್ನು ಹುಳಿ ಹಚ್ಚಿ ಬೆಳಗಿ ಇಡುತ್ತೇವೆ. ಹಬ್ಬದ ದಿನಕ್ಕೆ ಅದರಲ್ಲಿ ಅರ್ಧ ಸಾಮಾನು ಮತ್ತೆ ಮಂಕು. ಒಂದರ ಹಳದಿ ಹೋಗಿ ತಾಮ್ರದ ಹಾಗೆ ಕೆಂಪಾಗಿರುತ್ತದೆ, ಇನ್ನೊಂದರ ಸಂದಿನಲ್ಲಿ ತಿಳಿಹಸಿರು ಪುಡಿ ಕೂತಿರುತ್ತದೆ, ಮತ್ತೊಂದರ ಕಂಠದಲ್ಲಿ ಕೂದಲೆಳೆಯಂಥ ಬಿರುಕು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಮನೆಗಳಲ್ಲೂ ಈ ದೂರುಗಳು ಮಳೆಗಾಲದಲ್ಲೇ ಹೆಚ್ಚು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಒಂದರ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಹಾಗಾಗಿ ಇನ್ನೊಮ್ಮೆ ಹುಳಿ ಹಚ್ಚಿ ತಿಕ್ಕುವ ಮೊದಲು ಇದು ಯಾವ ದೋಷ ಎಂದು ಗುರುತಿಸಿಕೊಳ್ಳಬೇಕು.

ಕೈಹಚ್ಚುವ ಮೊದಲು

ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ದೀಪದ ಬುಡ, ಕಂಬ, ಸರಪಳಿ, ಕೊಕ್ಕೆ ಎಲ್ಲವನ್ನೂ ಬೇರೆ ಬೇರೆಯಾಗಿ ಮುಟ್ಟಿಸಿ ನೋಡಿ. ಮೈ ಹಿತ್ತಾಳೆಯದಾಗಿದ್ದು ಕೊಕ್ಕೆ ಮಾತ್ರ ಕಬ್ಬಿಣದ್ದಾಗಿರುವ ತೂಗುದೀಪಗಳು ಬಹಳ. ಕಬ್ಬಿಣದ ಭಾಗವನ್ನು ಬಿಚ್ಚದೆ ಹುಳಿಗೆ ಹಾಕಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಮೈಗೇ ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆ ಲೇಪ ಕೊಟ್ಟ ಕಬ್ಬಿಣ. ಅದಕ್ಕೆ ಹುಳಿಯೂ ಬೇಡ, ಪುಡಿಯೂ ಬೇಡ, ಸಾಬೂನು ನೀರು ಸಾಕು.

ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿ ದುಂಡಗೆ ನಿಂತರೆ ಮೇಲೆ ಎಣ್ಣೆ ಇದೆ, ಇಲ್ಲವೇ ಪಾರದರ್ಶಕ ವಾರ್ನಿಷ್ ಇದೆ. ಈಚೆಗೆ ಅಂಗಡಿಯಲ್ಲಿ ಕೊಂಡ ದೀಪಗಳಿಗೆ ಹೆಚ್ಚಾಗಿ ವಾರ್ನಿಷ್ ಇರುತ್ತದೆ. ಅದು ಅಲ್ಲಲ್ಲಿ ಎದ್ದಾಗ ಎದ್ದ ಕಡೆ ಮಾತ್ರ ಕಪ್ಪಾಗಿ, ಜೇಡರ ಬಲೆಯಂಥ ಗೆರೆಗಳು ಕಾಣುತ್ತವೆ. ಎಷ್ಟು ಹುಳಿ ಹಚ್ಚಿದರೂ ಆ ಗೆರೆ ಹೋಗುವುದಿಲ್ಲ, ಏಕೆಂದರೆ ಹುಳಿ ಲೋಹವನ್ನು ಮುಟ್ಟುತ್ತಲೇ ಇಲ್ಲ. ಬುಡದ ಕೆಳಗೆ, ಕಾಣದ ಜಾಗದಲ್ಲಿ ಹತ್ತಿಯಿಂದ ಅಸಿಟೋನ್ ಒರೆಸಿ. ಉಗುರು ಬಣ್ಣ ತೆಗೆಯಲು ಮಾರುವ ದ್ರವದಲ್ಲಿ ಅದು ಇದ್ದರೆ ಅದೇ ಸಾಕು. ಹತ್ತಿ ಅಂಟಂಟಾದರೆ ವಾರ್ನಿಷ್ ಇದೆ ಎಂದಾಯಿತು. ಅದನ್ನು ಪೂರ್ತಿ ತೆಗೆದ ಮೇಲೆಯೇ ಮುಂದಿನ ಕೆಲಸ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಅಡುಗೆಯ ಪಾತ್ರೆಯಾದರೆ ಒಳಗೆ ಬೆಳ್ಳಿಯ ಬಣ್ಣದ ಕಲಾಯಿ ಇದೆಯೇ ನೋಡಿ. ಅದು ತವರ. ಒಳಮೈಗೆ ಹುಳಿ ನೆನೆಹಾಕಬೇಡಿ, ಒರಟು ಜುಂಗಿನಿಂದ ತಿಕ್ಕಬೇಡಿ.

ತೊಳೆದ ಕೂಡಲೇ ಕೆಂಪಾಯಿತು

ಹುಳಿಯಿಂದ ತೆಗೆದ ಕೂಡಲೇ ಪಾತ್ರೆ ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನಾಲ್ಕು ಕಾರಣ ಇರಬಹುದು. ಬೆರಳಿನಿಂದ, ಸೂಜಿಯಿಂದ ಅವನ್ನು ಬೇರೆ ಮಾಡಬಹುದು.

ಒದ್ದೆ ಬಟ್ಟೆಗೆ ಒಂದು ಚಿಟಿಕೆ ಸೀಮೆಸುಣ್ಣದ ಪುಡಿ ತೆಗೆದುಕೊಂಡು ಕೆಂಪು ಜಾಗವನ್ನು ಹತ್ತು ಬಾರಿ ಉಜ್ಜಿ. ಹಳದಿ ಹೊರಬಂದರೆ ದೋಷ ಮೇಲ್ಪದರದ್ದು. ಹುಳಿಯಲ್ಲಿ ಹೆಚ್ಚು ಹೊತ್ತು ಇಟ್ಟಾಗ ಮೇಲಿನ ಸತು ಮೊದಲು ಕರಗಿ ಹೋಗುತ್ತದೆ. ತಾಮ್ರದ ಕೆಂಪು ಆಕ್ಸೈಡು ದುರ್ಬಲ ಹುಳಿಗೆ ಸುಲಭದಲ್ಲಿ ಕರಗದೆ ಅಲ್ಲೇ ಉಳಿಯುತ್ತದೆ. ಕೆಂಪಿಗೆ ಇದು ಮೊದಲ ಕಾರಣ.

ಎರಡನೆಯದು ಕಬ್ಬಿಣ. ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿಸಿ, ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು, ತಾಮ್ರ ಇನ್ನೂ ನೀರಿನಲ್ಲಿ ಬಿಡಿಯಾಗಿ ಉಳಿದಿದೆ ಎಂದರ್ಥ. ಹಿತ್ತಾಳೆ ನೆನೆಸಿದ ಹುಳಿನೀರಿನಲ್ಲೂ ಇದೇ ನಡೆಯುತ್ತದೆ. ಪಾತ್ರೆಯಿಂದ ಕರಗಿದ ತಾಮ್ರ ನೀರಿನಲ್ಲಿ ತೇಲಾಡುತ್ತಿರುತ್ತದೆ. ಅದರೊಳಗೆ ಕಬ್ಬಿಣದ ಮೊಳೆ, ಕೊಕ್ಕೆ, ಸವೆದ ತಂತಿ ಜುಂಗಿನ ಚೂರು, ತಗಡಿನ ಬಕೆಟ್ ಏನೇ ಇದ್ದರೂ ತಾಮ್ರ ಅದರ ಮೇಲೆ ಕೂರುತ್ತದೆ. ಆ ಕಬ್ಬಿಣಕ್ಕೆ ತಾಗಿಕೊಂಡಿರುವ ಹಿತ್ತಾಳೆಯ ಮೇಲೂ ಕೂರುತ್ತದೆ. ಒಂದೇ ದೀಪದಲ್ಲಿ ಕೊಕ್ಕೆ ಇದ್ದ ತುದಿ ಮಾತ್ರ ಕೆಂಪಾಗಿ, ಬುಡ ಹಳದಿಯಾಗಿಯೇ ಉಳಿದಿದ್ದರೆ ಕಾರಣ ಇದೇ.

ಹುಳಿನೀರು ಹಳತಾಗಿದೆಯೇ ಎಂದು ನೋಡಲು ಕತ್ತಿ ಅದ್ದುವ ಉಪಾಯವನ್ನೇ ಬಳಸಿ. ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿದ ಒಂದು ಕಬ್ಬಿಣದ ಮೊಳೆಯನ್ನು ಲೋಟದಲ್ಲಿ ತೆಗೆದ ಹುಳಿನೀರಿಗೆ ಎರಡು ನಿಮಿಷ ಅದ್ದಿ. ಮೊಳೆ ಕೆಂಪಾದರೆ ಆ ನೀರಿನ ಕೆಲಸ ಮುಗಿಯಿತು, ಅದರಲ್ಲಿ ಇನ್ನೊಂದು ಪಾತ್ರೆ ಹಾಕಬೇಡಿ. ಮೊಳೆಯನ್ನು ತೊಟ್ಟಿಗೇ ಇಳಿಸಬಾರದು, ಲೋಟದಲ್ಲೇ ಪರೀಕ್ಷಿಸಬೇಕು.

ಈ ಎರಡೂ ಬಗೆಯ ಕೆಂಪಿಗೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಕೈಯಲ್ಲಿ ಉಜ್ಜುವುದೇ ಸರಿಯಾದ ಮದ್ದು. ಕೆತ್ತನೆ ಹೆಚ್ಚಿರುವ ದೀಪಕ್ಕೆ ಕೈ ತಲುಪದಿದ್ದರೆ, ಮುಂದೆ ಹೇಳುವ ಅಳತೆಯ ಹೊಸ ಸಿಟ್ರಿಕ್ ದ್ರಾವಣ ಅರ್ಧ ಲೀಟರಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಅರ್ಧ ಲೀಟರ್ ಸೇರಿಸಿ 2ರಿಂದ 5 ನಿಮಿಷ ಅದ್ದಿ. ಬಾಟಲಿಯ ಮೇಲೆ 6% ಎಂದಿದ್ದರೆ ಮೊದಲು ಅಷ್ಟೇ ನೀರು ಬೆರೆಸಿ. ಕೈಗವಸು ಬೇಕು. ಪ್ಲಾಸ್ಟಿಕ್ ತೊಟ್ಟಿಗೆ ಮುಚ್ಚಳ ಹಾಕಬಾರದು, ಒಳಗೆ ಅನಿಲ ಸೇರಿ ಉಬ್ಬುತ್ತದೆ. ಹಳದಿ ಬರುತ್ತಿದ್ದಂತೆ ಹೊರತೆಗೆಯಿರಿ. ಹತ್ತಿರವೇ ನಿಂತು ನೋಡುತ್ತಿರಬೇಕಾದ ಕೆಲಸ ಇದು, ಬಿಟ್ಟು ಹೋಗುವಂಥದ್ದಲ್ಲ.

ಮೂರನೆಯ ಕೆಂಪು ಗಂಭೀರವಾದದ್ದು, ಉಜ್ಜಿದರೆ ಹೋಗದು. ಕೊಡಪಾನದ ತಳದಲ್ಲಿ, ನೀರು ನಿಲ್ಲುವ ಮಟ್ಟದಲ್ಲಿ, ಬಚ್ಚಲ ಹಂಡೆಯ ಒಳಮೈಯಲ್ಲಿ ರೂಪಾಯಿ ಅಗಲದ ಮಸುಕು ಕೆಂಪು ಮಚ್ಚೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಹೊಳಪಿಲ್ಲ, ಇಟ್ಟಿಗೆ ಚೂರಿನ ಹಾಗೆ ಒರಟು. ಹೊಲಿಗೆ ಸೂಜಿಯ ಮೊನೆಯನ್ನು ಮೆಲ್ಲಗೆ ಒತ್ತಿ. ಒಳ್ಳೆಯ ಹಿತ್ತಾಳೆಯ ಮೇಲೆ ಸೂಜಿ ಜಾರುತ್ತದೆ. ಇಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಕೆಂಪು ಪುಡಿ ಉದುರುತ್ತದೆ. ಸತು ಒಳಗಿಂದಲೇ ಕರಗಿ ಹೋಗಿ, ಜೇನುಗೂಡಿನಂತೆ ತೂತು ತೂತಾದ ತಾಮ್ರ ಮಾತ್ರ ಉಳಿದಿದೆ. ಸತು 15%ಕ್ಕಿಂತ ಹೆಚ್ಚಿರುವ ಹಿತ್ತಾಳೆಗೆ ಈ ರೋಗ ತಗುಲುತ್ತದೆ. ಉಪ್ಪಿನ ಅಂಶ ಇರುವ ನೀರು, ಬಿಸಿ ಮತ್ತು ನೀರು ನಿಂತೇ ಇರುವುದು ಅದನ್ನು ಬೆಳೆಸುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಬದಿಯಲ್ಲಿ ಬೇಸಿಗೆಗೆ ಉಪ್ಪಾಗುವ ಬಾವಿಗಳ ನೀರನ್ನು ಹಿತ್ತಾಳೆ ಹಂಡೆಯಲ್ಲಿ ಕಾಯಿಸಿ ರಾತ್ರಿಯಿಡೀ ಬಿಟ್ಟರೆ ಈ ಮೂರೂ ಒಟ್ಟಿಗೆ ಸೇರುತ್ತವೆ. ಹೋದ ಸತುವನ್ನು ಮರಳಿ ತರುವ ಮದ್ದಿಲ್ಲ. ಹುಳಿ ಹಚ್ಚಿದಷ್ಟೂ ತೂತು ಆಳವಾಗುತ್ತದೆ. ಮಚ್ಚೆ ಸಣ್ಣದಿದ್ದರೆ ಕಂಚುಗಾರರಿಂದ ಬೆಸುಗೆ ಹಾಕಿಸಿ, ದಿನವೂ ನೀರು ಚೆಲ್ಲಿ ಮಗುಚಿ ಒಣಗಿಸಿ ಇಡಿ. ಮಚ್ಚೆಯ ಹೊರಬದಿಯಲ್ಲಿ ತೇವದ ಕಲೆ ಕಾಣಿಸಿದರೆ ಆ ಹಂಡೆಯನ್ನು ಒಲೆಯಿಂದ ಇಳಿಸುವುದೇ ಕ್ಷೇಮ.

ನಾಲ್ಕನೆಯದು ದೋಷವೇ ಅಲ್ಲ. ಕೆಲವು ಹಳೆಯ ಎರಕದ ವಿಗ್ರಹ, ಗಂಟೆಗಳಲ್ಲಿ ತಾಮ್ರದ ಪಾಲು ಹೆಚ್ಚು, ಅವುಗಳ ನಿಜ ಬಣ್ಣವೇ ಕೆಂಪುಛಾಯೆ. ಬುಡದ ಅಡಿಯಲ್ಲಿ ಚೂರು ಕೆರೆದು ನೋಡಿ. ಅಲ್ಲೂ ಅದೇ ಬಣ್ಣವಿದ್ದರೆ ಉಜ್ಜುವುದನ್ನು ನಿಲ್ಲಿಸಿ.

ಸರಿಯಾದ ಅಳತೆ

ಮೇಲಿನ ಮೊದಲೆರಡು ದೋಷ ಬಾರದಂತೆ ತೊಳೆಯುವ ಕ್ರಮ ಹೀಗಿದೆ. ತೊಟ್ಟಿಗಳೆಲ್ಲ ಪ್ಲಾಸ್ಟಿಕ್ ಅಥವಾ ಸ್ಟೀಲಿನವು ಆಗಿರಲಿ. ಅಲ್ಯೂಮಿನಿಯಂ ಮತ್ತು ತಗಡು ಬೇಡ.

1. ಜಿಡ್ಡು ಬಿಡಿಸುವುದು. 1 ಲೀಟರ್ ಬಿಸಿನೀರಿಗೆ 25 ಗ್ರಾಂ ಒಗೆಯುವ ಸೋಡಾ, 15 ನಿಮಿಷ. ಎಣ್ಣೆಯ ಪದರ ಇರುವಲ್ಲಿ ಹುಳಿ ಕೆಲಸ ಮಾಡದು. ಮಚ್ಚೆ ಮಚ್ಚೆಯಾಗಿ ಬೆಳಗುವುದಕ್ಕೆ ಮುಖ್ಯ ಕಾರಣ ಈ ಹಂತವನ್ನು ಬಿಡುವುದು. ಎಳ್ಳೆಣ್ಣೆ ಉರಿಸಿದ ದೀಪದ ಜಿಡ್ಡು ಗಾಳಿಗೆ ಅರಗಿನ ಹಾಗೆ ಗಟ್ಟಿಯಾಗುತ್ತದೆ, ಅದಕ್ಕೆ ಎರಡು ಸಲ ಬೇಕಾಗಬಹುದು. ಕೊಬ್ಬರಿ ಎಣ್ಣೆಯ ಜಿಡ್ಡು ಅಷ್ಟು ಗಟ್ಟಿಯಾಗುವುದಿಲ್ಲ. ಅಂಟುವಾಳದ ನೊರೆಯೂ ತೆಳು ಜಿಡ್ಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೂದಿ ಬಳಸುವುದಾದರೆ ಬಟ್ಟೆಯಲ್ಲಿ ಜರಡಿ ಹಿಡಿದ ಬೂದಿಯೇ ಆಗಬೇಕು, ಒಂದು ಮರಳಿನ ಕಾಳು ಸಾಕು ಹರಿವಾಣದ ಮೇಲೆ ಗೀರು ಮೂಡಲು.

2. ತೊಳೆದು, ಹುಳಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಸುಮಾರು 4 ಚಹಾ ಚಮಚ. 5 ನಿಮಿಷಕ್ಕೆ ತೆಗೆದು ನೋಡಿ. ಸಾಲದಿದ್ದರೆ ಇನ್ನೆರಡು ನಿಮಿಷ. 10 ನಿಮಿಷ ಮೀರಬೇಡಿ. ಹುಣಸೆಯಾದರೆ 50 ಗ್ರಾಂ ಹಣ್ಣನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ಕಿವುಚಿ ಸೋಸಿ, ಬಟ್ಟೆಯಿಂದ ಹಚ್ಚಿ. ಹುಣಸೆ ನಿಧಾನ, ಆದ್ದರಿಂದಲೇ ಕೈತಪ್ಪುವುದು ಕಡಿಮೆ. ತೆಳು ತಗಡಿನ ಸಾಮಾನಿಗೆ ನಾವು ಹುಣಸೆಯನ್ನೇ ಮೆಚ್ಚುತ್ತೇವೆ.

3. ಹುಳಿ ಸಾಯಿಸುವುದು. ಎರಡು ಬಾರಿ ಬೇರೆ ಬೇರೆ ನೀರಿನಲ್ಲಿ ಜಾಲಾಡಿಸಿ, 1 ಲೀಟರಿಗೆ 1 ಚಹಾ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ. ಆಮೇಲೆ ಮತ್ತೆ ಒಳ್ಳೆಯ ನೀರು. ಕೊನೆಯ ನೀರಿಗೆ ಬಯಲಿನಲ್ಲಿ ಬೋಗುಣಿ ಇಟ್ಟು ಹಿಡಿದ ಮಳೆನೀರಿಗಿಂತ ಉತ್ತಮವಾದದ್ದಿಲ್ಲ. ಮಳೆ ಹಿಡಿದು ಅರ್ಧ ಗಂಟೆ ಕಳೆದ ಮೇಲೆ ಸಂಗ್ರಹಿಸಿ.

ಹುಳಿ ಹಚ್ಚಿ ಹೊಳೆಯಿತೆಂದು ಸೋಡಾ ನೀರಿನ ಹಂತ ಬಿಟ್ಟವರ ಪಾತ್ರೆ ಮೂರನೇ ದಿನಕ್ಕೆ ಕಂದಾಗುತ್ತದೆ. ಸರಪಳಿಯ ಕೊಂಡಿಗಳ ನಡುವೆ, ಕೂಡಿಸಿದ ಕಂಠದ ಸಂದಿನಲ್ಲಿ ಉಳಿದ ಹುಳಿ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ.

ಶೌಚಾಲಯ ತೊಳೆಯುವ ಆಸಿಡ್ಡನ್ನು ಹಿತ್ತಾಳೆಗೆ ಎಂದೂ ಹಚ್ಚಬೇಡಿ. ಬ್ಲೀಚಿಂಗ್ ಪುಡಿ ಇರುವ ಕಡೆ ಯಾವ ಹುಳಿಯನ್ನೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಕದ ಹಿತ್ತಾಳೆಯಲ್ಲಿ ಸೀಸ ಇರುವುದು ಸಾಮಾನ್ಯ. ಒಣಗಿದ್ದಾಗ ಮರಳು ಕಾಗದದಿಂದ ತಿಕ್ಕಿ ಧೂಳೆಬ್ಬಿಸಬಾರದು, ಯಾವಾಗಲೂ ಒದ್ದೆಯಾಗಿ ತಿಕ್ಕಬೇಕು. ಇದಕ್ಕೆ ಬಳಸಿದ ಬ್ರಷ್ಷು, ಬಟ್ಟೆ ಅಡುಗೆ ಪಾತ್ರೆಗಳಿಗೆ ಹೋಗಬಾರದು.

ಹಸಿರು ಮತ್ತೆ ಮತ್ತೆ ಬರುತ್ತಿದೆ

ಕಿಲುಬೆಲ್ಲ ಒಂದೇ ಅಲ್ಲ. ದೀಪದ ಎಣ್ಣೆ ಬಟ್ಟಲಲ್ಲಿ ಮೇಣದ ಹಾಗೆ ಮೆತ್ತಗಿರುವ ನೀಲಿಹಸಿರು, ಎಣ್ಣೆಯ ಕೊಬ್ಬಿನಾಮ್ಲ ತಾಮ್ರದೊಡನೆ ಕೂಡಿ ಆದದ್ದು. ಬಿದಿರು ಕಡ್ಡಿಯಿಂದ ಕೆರೆದು, ಸೋಡಾ ಬಿಸಿನೀರಿನಲ್ಲಿ ತೊಳೆದರೆ ಮುಗಿಯಿತು. ಬತ್ತಿ ಆರಿದ ಮೇಲೆ ಹಳೆ ಎಣ್ಣೆಯನ್ನು ವಾರಗಟ್ಟಲೆ ಬಿಡದಿದ್ದರೆ ಮತ್ತೆ ಬರುವುದಿಲ್ಲ. ಗಟ್ಟಿಯಾಗಿ, ತೆಳುವಾಗಿ, ಕಡುಹಸಿರಾಗಿ ಮೈಗಂಟಿದ ಪದರವೂ ಅಪಾಯಕಾರಿಯಲ್ಲ. ಹಳೆಯ ಗಂಟೆಯ ಮೇಲಿದ್ದರೆ ಬಿಟ್ಟರೂ ನಡೆಯುತ್ತದೆ.

ಕಾಡುವುದು ತಿಳಿಹಸಿರು ಪುಡಿ. ಬೆರಳಿಗೆ ಮುಖದ ಪೌಡರಿನ ಹಾಗೆ ಅಂಟುತ್ತದೆ. ಒರೆಸಿದರೆ ಕೆಳಗೆ ಸಾಸಿವೆ ಗಾತ್ರದ ಗುಳಿ. ಎರಡು ಮಳೆ ದಿನ ಕಳೆದರೆ ಅದೇ ಗುಳಿಯಿಂದ ಮತ್ತೆ ಹಸಿರು. ಇದು ಉಪ್ಪಿನಿಂದ ಆದದ್ದು. ಉಪ್ಪಿನ ಕ್ಲೋರೈಡು ತಾಮ್ರದೊಡನೆ ಸೇರಿ ಗುಳಿಯ ಅಡಿಯಲ್ಲಿ ಕೂರುತ್ತದೆ. ಗಾಳಿಯ ತೇವ ಸಿಕ್ಕಿದೊಡನೆ ಅದು ಒಡೆದು ಹಸಿರು ಪುಡಿಯಾಗುತ್ತದೆ, ಒಡೆಯುವಾಗ ಮತ್ತೆ ಆಮ್ಲ ಹುಟ್ಟಿ ಹೊಸ ತಾಮ್ರವನ್ನು ತಿನ್ನುತ್ತದೆ. ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಕ್ರ ಇದು. ಒಣ ಊರಿನಲ್ಲಿ ಮಲಗಿರುತ್ತದೆ, ನಮ್ಮ ಆಷಾಢದಲ್ಲಿ ಎಚ್ಚರಾಗುತ್ತದೆ.

ಉಪ್ಪು ಎಲ್ಲಿಂದ ಬಂತು? ಸಮುದ್ರದ ಗಾಳಿ ಒಂದು ದಾರಿ. ಉಪ್ಪುಬಾವಿಯ ನೀರು ಇನ್ನೊಂದು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನಾವೇ ಹಾಕುತ್ತೇವೆ. ಹುಣಸೆಗೂ ಲಿಂಬೆಗೂ ಉಪ್ಪು ಬೆರೆಸಿ ತಿಕ್ಕಿದರೆ ಕ್ಷಣದಲ್ಲಿ ಹೊಳೆಯುತ್ತದೆ ನಿಜ, ಕ್ಲೋರೈಡು ಆಕ್ಸೈಡನ್ನು ಬೇಗ ಬಿಡಿಸುವುದೇ ಅದಕ್ಕೆ ಕಾರಣ. ಆದರೆ ಸಂದಿನಲ್ಲಿ ಉಳಿದ ಉಪ್ಪೇ ಮುಂದಿನ ಮಳೆಗಾಲದ ಕಿಲುಬು. ಕರಾವಳಿಯ ಮನೆಗಳಲ್ಲಿ ಹಿತ್ತಾಳೆಗೆ ಉಪ್ಪು ಹಚ್ಚುವ ರೂಢಿಯನ್ನು ಬಿಟ್ಟುಬಿಡಬೇಕು ಎಂದು ನಾವು ಒತ್ತಿ ಹೇಳುತ್ತೇವೆ.

ಖಚಿತಪಡಿಸಿಕೊಳ್ಳಲು, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆದು ಪಾತ್ರೆಯನ್ನು ಒದ್ದೆ ಬಟ್ಟೆಯ ಜೊತೆ, ಬಟ್ಟೆಗೆ ತಾಗದಂತೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ದಿನ ಇಡಿ. ಅದೇ ಜಾಗದಲ್ಲಿ ಹಸಿರು ಮರಳಿದರೆ ಅದು ಉಪ್ಪಿನದೇ.

ಇದಕ್ಕೆ ಹುಳಿ ಮದ್ದಲ್ಲ. ಗುಳಿಯನ್ನು ಬಿದಿರಿನ ಹಲ್ಲುಕಡ್ಡಿಯಿಂದ ಬಿಡಿಸಿ. 1 ಲೀಟರ್ ಮಳೆನೀರಿಗೆ 25 ಗ್ರಾಂ ಅಡುಗೆ ಸೋಡಾ, 25 ಗ್ರಾಂ ಒಗೆಯುವ ಸೋಡಾ ಕರಗಿಸಿ ಪಾತ್ರೆಯನ್ನು ಪೂರ್ತಿ ಮುಳುಗಿಸಿ ಇಡಿ. ವಾರಕ್ಕೊಮ್ಮೆ ನೀರು ಬದಲಿಸಿ. ಪುರಾತನ ವಸ್ತುಗಳನ್ನು ಕಾಪಾಡುವವರು ಬಹುಕಾಲದಿಂದ ಬಳಸುತ್ತ ಬಂದ ಕ್ರಮ ಇದು. ಮೂರು ನಾಲ್ಕು ವಾರ ಹಿಡಿಯುತ್ತದೆ, ಅವಸರಕ್ಕೆ ಬಗ್ಗುವುದಿಲ್ಲ. ಮೈ ಕಪ್ಪಾದರೆ ಹೆದರಬೇಡಿ, ಕೊನೆಗೆ ಸೀಮೆಸುಣ್ಣದ ಪುಡಿಯಿಂದ ಹೋಗುತ್ತದೆ. ಆಮೇಲೆ ಡಬ್ಬಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಅಡುಗೆಯ ಪಾತ್ರೆಯ ಒಳಗೆ ಯಾವ ಬಗೆಯ ಹಸಿರು ಕಂಡರೂ ಕಲಾಯಿ ಹೋಗಿದೆ ಎಂದು ತಿಳಿಯಿರಿ. ಹೊಸ ಕಲಾಯಿ ಆಗುವವರೆಗೆ ಅದರಲ್ಲಿ ತಂಬುಳಿ, ಸಾರು, ಮಜ್ಜಿಗೆ ಏನೂ ಬೇಡ.

ಕಪ್ಪು, ಕಂದು, ಬಿಳಿ

ಬೆರಳಿನ ಗುರುತು ಎರಡು ದಿನ ಬಿಟ್ಟು ಕಂದಾಗಿ ಕಂಡರೆ ಬೆವರಿನ ಉಪ್ಪು. ಬೆಳಗಿದ ಮೇಲೆ ಬಟ್ಟೆಯಲ್ಲಿ ಹಿಡಿಯಿರಿ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಲ್ಲಿ ಕಪ್ಪು ಗೆರೆ ಬಿದ್ದಿದ್ದರೆ ಅದು ರಬ್ಬರಿನ ಗಂಧಕ. ಬಿಳಿ ಮಸುಕು ಸಾಮಾನ್ಯವಾಗಿ ಗಡಸು ನೀರು ಆರಿದ ಗುರುತು, ಕೆತ್ತನೆಯಲ್ಲಿ ಕೂತ ಬಿಳಿ ತೊಳೆಯದೆ ಬಿಟ್ಟ ಪಾಲಿಶ್ ಪುಡಿ. ಬಿಂಬುಲಿ ಎಂಬ ಹುಳಿಕಾಯಿಯಿಂದ ಬೆಳಗಿದಾಗ ಬರುವ ಬಿಳಿಗೆ ಮಾತ್ರ ಬೇರೆ ಕಾರಣ. ಅದರ ಆಕ್ಸಾಲಿಕ್ ಆಮ್ಲ ಗಡಸು ನೀರಿನ ಸುಣ್ಣದೊಡನೆ ಕೂಡಿ ಕರಗದ ಪದರವಾಗುತ್ತದೆ. ಮೆದು ಬ್ರಷ್ಷಿನಿಂದಲೇ ಬಿಡಿಸಬೇಕು.

ಬೆಳಗುವಾಗ ಬಟ್ಟೆ ಕಪ್ಪಾಗುತ್ತಲೇ ಇರುತ್ತದೆ. ಕೊಳೆ ಇನ್ನೂ ಇದೆ ಎಂದುಕೊಂಡು ಉಜ್ಜುತ್ತಲೇ ಹೋಗುವುದು ತಪ್ಪು. ಆ ಕಪ್ಪು ಸವೆದ ಹಿತ್ತಾಳೆಯೇ. ಪಾತ್ರೆಯ ಬಣ್ಣ ಸಮನಾಯಿತೆಂದರೆ ನಿಲ್ಲಿಸಿ. ದೇವರ ಮುಖದ ಗೆರೆ, ದೀಪದ ನವಿಲಿನ ಗರಿ ಸವೆದು ಚಪ್ಪಟೆಯಾಗುವುದು ಹೀಗೆಯೇ.

ಕಂಠದಲ್ಲಿ ಬಿರುಕು

ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ತಂಬಿಗೆಯ ಕಂಠದಿಂದ ಕೆಳಕ್ಕೆ ನೇರವಾದ ಸಣ್ಣ ಬಿರುಕು. ಲೋಹ ತೆಳುವಾಗಿಯೂ ಇಲ್ಲ. ತಗಡನ್ನು ಬಡಿದು, ಒತ್ತಿ ಮಾಡಿದ ಸಾಮಾನಿಗೆ ಮಾತ್ರ ಇದು ಬರುತ್ತದೆ, ದಪ್ಪ ಎರಕದ ದೀಪಕ್ಕೆ ಬರುವುದು ಅಪರೂಪ.

ಈ ದೋಷದ ಇತಿಹಾಸ ಬಂದೂಕಿನ ತೋಟಾಗಳದ್ದು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿಯುವ ಹೊತ್ತಿಗೆ ಅವುಗಳ ಹಿತ್ತಾಳೆ ಚಿಪ್ಪು, ಗುಂಡನ್ನು ಬಿಗಿದ ಕುತ್ತಿಗೆಯಲ್ಲಿ ಬಿರಿದಿರುತ್ತಿತ್ತು. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಗಂಜಳದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತಗಡನ್ನು ಒತ್ತಿ ಎಳೆದು ಚಿಪ್ಪು ಮಾಡುವಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದಾಗ ಹಿತ್ತಾಳೆ ಸೀಳುತ್ತದೆ. ತಯಾರಿಕೆಯಲ್ಲೇ ಹದವಾಗಿ ಕಾಯಿಸಿ ಆ ಬಿಗಿತವನ್ನು ಸಡಿಲಿಸುವುದು ಪರಿಹಾರವಾಯಿತು. ಇಂದಿಗೂ ತೋಟಾ ಚಿಪ್ಪುಗಳನ್ನು ತೊಳೆದು ಮರುಬಳಸುವ ದೇಶಗಳಲ್ಲಿ ಅಮೋನಿಯಾ ಇರುವ ಪಾಲಿಶ್ ಬೇಡವೆಂದು ಎಚ್ಚರಿಸುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಲಾಯದ ಬದಲು ಕೊಟ್ಟಿಗೆ. ಕೊಟ್ಟಿಗೆಗೆ ತಾಗಿದ ಬಚ್ಚಲು, ಗೊಬ್ಬರದ ಗುಂಡಿಯ ಪಕ್ಕದ ಕೋಣೆ, ಯೂರಿಯಾ ಚೀಲ ಒದ್ದೆಯಾದ ಉಗ್ರಾಣ, ಕೋಳಿಗೂಡಿನ ಮೇಲಿನ ಅಟ್ಟ, ಮೀನು ಕೊಳೆಯುವ ಜಾಗ, ಇಲ್ಲೆಲ್ಲ ಅಮೋನಿಯಾ ಇದೆ. ಮೂಗಿಗೆ ಚುರುಕು ತಾಗುವ ಕೆಲವು ಲೋಹ ಪಾಲಿಶ್ ದ್ರವಗಳಲ್ಲೂ, ಗಾಜು ಒರೆಸುವ ದ್ರವಗಳಲ್ಲೂ ಇದೆ. ಕಲಾಯಿ ಹಾಕುವಾಗ ಉದುರಿಸುವ ನವಸಾಗರ ಅಮೋನಿಯಾ ಮತ್ತು ಕ್ಲೋರೈಡು ಎರಡೂ ಸೇರಿದ್ದು. ಕಲಾಯಿಯಾಗಿ ಮನೆಗೆ ಬಂದ ಪಾತ್ರೆಯನ್ನು ಹೊರಗೂ ಒಳಗೂ ಬಿಸಿನೀರಿನಲ್ಲಿ ಎರಡು ಬಾರಿ ತೊಳೆಯಿರಿ. ನೆಗ್ಗಿದ ಕೊಡವನ್ನು ಬಡಿದು ಸರಿಮಾಡಿಸಿದ ಮೇಲೆ ಅದೇ ಜಾಗದಲ್ಲಿ ತಿಂಗಳುಗಳ ನಂತರ ಬಿರುಕು ಬಂದರೆ ಬಡಿತ ಹೊಸ ಬಿಗಿತವನ್ನು ಕೊಟ್ಟಿದೆ ಎಂದರ್ಥ.

ಬಿರುಕೋ ಬರೀ ಗೀರೋ ತಿಳಿಯಬೇಕಾದರೆ ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣದ ನುಣುಪು ಪುಡಿ ಉದುರಿಸಿ. ಬಿರುಕಾದರೆ ಒಳಗೆ ಇಳಿದ ಎಣ್ಣೆ ಮೇಲೆದ್ದು ಬಿಳಿಯ ನಡುವೆ ಒದ್ದೆ ಗೆರೆ ಎಳೆಯುತ್ತದೆ. ಗೀರಾದರೆ ಪುಡಿ ಬಿಳಿಯಾಗಿಯೇ ಇರುತ್ತದೆ. ಬೆರಳಿನಿಂದ ತಟ್ಟಿದಾಗ ಬರುವ ಸದ್ದೂ ಹೇಳುತ್ತದೆ, ಬಿರಿದ ತಂಬಿಗೆ ಠಣ್ ಎನ್ನುವುದಿಲ್ಲ.

ಬಿರುಕನ್ನು ತಿಕ್ಕಿ ತೆಗೆಯಲಾಗದು. ಬೆಸುಗೆ ಹಾಕಿಸಿ ಪೂಜೆಗೆ, ಹೂವಿಗೆ ಇಟ್ಟುಕೊಳ್ಳಬಹುದು, ಬಿಸಿನೀರಿಗೆ ಬಳಸಬೇಡಿ. ಒಂದು ಸಾಮಾನು ಬಿರಿದಿದ್ದರೆ ಅದೇ ಅಟ್ಟದಲ್ಲಿದ್ದ ಉಳಿದವನ್ನೂ ಈ ಪರೀಕ್ಷೆಗೆ ಒಡ್ಡಿ, ಜಾಗ ಬದಲಿಸಿ. ಬಿಗಿತ ಸಡಿಲಿಸಲೆಂದು ಮನೆಯ ಒಲೆಯಲ್ಲಿ ಕಾಯಿಸಲು ಹೋಗಬೇಡಿ, ಕಲಾಯಿ 232 ಡಿಗ್ರಿಗೇ ಕರಗಿ ಹರಿಯುತ್ತದೆ, ಬೆಸುಗೆ ಬಿಡುತ್ತದೆ.

ಮಳೆಯಲ್ಲಿ ಒಣಗಿಸುವುದು

ಸರಿಯಾಗಿ ತೊಳೆದದ್ದೂ ಕೆಡುವುದು ಇಲ್ಲಿ. ಒಲೆಯ ಮೇಲೆ, ಹೊಗೆಯಲ್ಲಿ ಒಣಗಿಸಬೇಡಿ, ಸೌದೆ ಹೊಗೆಯಲ್ಲಿ ಆಮ್ಲ ಇದೆ. ಕೊನೆಯ ನೀರು ಕೈ ತಾಳುವಷ್ಟು ಬಿಸಿ ಇರಲಿ, ಲೋಹವೇ ಬೆಚ್ಚಗಾಗಿ ನೀರು ಬೇಗ ಆರುತ್ತದೆ. ಹತ್ತಿ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಎರಡು ಗಂಟೆ ಇಡಿ. ತೂಗುದೀಪದ ಸರಪಳಿಗೆ ಇದು ಸಾಲದು. ಬೆಚ್ಚಗೆ ಒಣಗಿಸಿದ ಮರದ ಹೊಟ್ಟನ್ನು ಬಟ್ಟೆ ಚೀಲಕ್ಕೆ ತುಂಬಿ, ಸರಪಳಿ ಹಾಕಿ ಐದು ನಿಮಿಷ ಕುಲುಕಿ. ಕೊಂಡಿಗಳ ಒಳಗಿನ ತೇವವನ್ನು ಹೊಟ್ಟು ಎಳೆದುಕೊಳ್ಳುತ್ತದೆ. ಆಮೇಲೆ ಒಣ ಬ್ರಷ್ಷಿನಿಂದ ಹೊಟ್ಟನ್ನು ಪೂರ್ತಿ ಬಿಡಿಸಬೇಕು, ಉಳಿದ ಚೂರು ಮತ್ತೆ ತೇವ ಹಿಡಿಯುತ್ತದೆ.

ಒಣಗಿದ ಸಾಮಾನು ಇನ್ನೂ ಬೆಚ್ಚಗಿರುವಾಗಲೇ ಜೇನುಮೇಣವನ್ನು ತೆಳುವಾಗಿ ಸವರಿ ಬಟ್ಟೆಯಿಂದ ಉಜ್ಜಿ. ಮೇಣ ಸುಮಾರು 63 ಡಿಗ್ರಿಗೆ ಕರಗುವುದರಿಂದ ಬತ್ತಿಯ ಬಳಿ, ಎಣ್ಣೆ ಬಟ್ಟಲಿಗೆ ಬೇಡ, ಹೊರಮೈಗೆ ಮಾತ್ರ. ಕೊಬ್ಬರಿ ಎಣ್ಣೆ ಸವರುವುದಕ್ಕಿಂತ ಇದು ಮೇಲು, ಎಣ್ಣೆಗೆ ಧೂಳಂಟುತ್ತದೆ. ಸುತ್ತಿಡಲು ಹಳೆಯ ಹತ್ತಿ ಪಂಚೆ ಆಗಬಹುದು, ದಿನಪತ್ರಿಕೆ ಬೇಡ.

ಕೊನೆಗೆ ಆ ನೀಲಿಹಸಿರು ಹುಳಿನೀರು. ಅದರಲ್ಲಿ ತಾಮ್ರ ಇದೆ, ಮೀನಿಗೆ ವಿಷ. ಬಾವಿಕಟ್ಟೆಯಲ್ಲಿ, ಹಳ್ಳಕ್ಕೆ, ಗಜನಿಯ (ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆಯ) ಬದಿಗೆ ಚೆಲ್ಲಬಾರದು. ತೊಟ್ಟಿಗೆ ಒಂದು ಹಿಡಿ ಹಳೆಯ ಕಬ್ಬಿಣದ ಮೊಳೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ತಾಮ್ರದ ಹೆಚ್ಚಿನ ಪಾಲು ಮೊಳೆಗಳ ಮೇಲೆ ಕೆಂಪಾಗಿ ಕೂತಿರುತ್ತದೆ. ಮೊಳೆ ತೆಗೆದು, ಸುಣ್ಣದ ನೀರು ಹಾಕಿ ಹುಳಿ ಸಾಯಿಸಿ, ಬಾವಿಯಿಂದ ದೂರದ ಬರಿ ನೆಲದಲ್ಲಿ ಗುಂಡಿ ತೋಡಿ ಹೊಯ್ಯಿರಿ.